ಹನ್ನೆರಡು ಜಿಬಿ ಕನ್ನಡ, ಎಂಟು ಜಿಬಿ ರಾಮ್

ಪ್ರಶ್ನೆ: ನಾನು ಶಿರಸಿಯವನು, ಮನೆಯಿಂದಲೇ ಕೆಲಸ. ಬಿಡುವಿನಲ್ಲಿ ಕನ್ನಡದ ಕಾಗುಣಿತ ತಿದ್ದುವ ಒಂದು ತಂತ್ರಾಂಶ ಮಾಡುತ್ತಿದ್ದೇನೆ. ಅದಕ್ಕಾಗಿ 12 ಜಿಬಿಯಷ್ಟು ಕನ್ನಡ ಪಠ್ಯ ಕೂಡಿಟ್ಟಿದ್ದೇನೆ. ಯಾವ ಪದ ಎಷ್ಟು ಸಲ ಬಂದಿದೆ, ಯಾವ ಪದದ ಪಕ್ಕ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಬೇಕು. ಪೈಥಾನ್ ಭಾಷೆಯಲ್ಲಿ ಒಂದು ಡಿಕ್ಷನರಿ (ಪದ ಕೊಟ್ಟರೆ ಅದರ ಎಣಿಕೆ ಹೇಳುವ ಕೋಷ್ಟಕ) ಇಟ್ಟು ಎಣಿಸಿದೆ. ಒಂಟಿ ಪದಗಳದ್ದು ಹೇಗೋ ಮುಗಿಯಿತು. ಜೋಡಿ ಪದಗಳಿಗೆ ಹೋದಾಗ ಎರಡು ತಾಸು ಓಡಿತು, ಆಮೇಲೆ ಲ್ಯಾಪ್‌ಟಾಪ್ ಕಲ್ಲಿನ ಹಾಗೆ ಕೂತಿತು, ಕೊನೆಗೆ ‘ಕಿಲ್ಡ್’ ಎಂದು ಬಂತು. 8 ಜಿಬಿ ರಾಮ್ ಇದೆ. 16 ಮಾಡಿಸಲಾ, ಸ್ವಾಪ್ ಹೆಚ್ಚಿಸಲಾ, ಇಲ್ಲ ಎಲ್ಲವನ್ನೂ ಡೇಟಾಬೇಸಿಗೆ ತುಂಬಲಾ?

ಉತ್ತರ: ಮೂರನ್ನೂ ಸದ್ಯಕ್ಕೆ ಬದಿಗಿಡಿ. ಯಾವುದೂ ತಪ್ಪು ಅಂತಲ್ಲ. ಆದರೆ ಪ್ರೋಗ್ರಾಂ ಈಗಿರುವ ಹಾಗೇ ಇದ್ದರೆ ಮೂರೂ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಿ ಘಟ್ಟದ ನಡುವೆ ಇಳಿಸಿಬಿಡುತ್ತವೆ. ಜಾಗ ಸಾಲದೆ ಹೀಗಾಯಿತು ಎಂದು ನೀವು ತಿಳಿದಿದ್ದೀರಿ, ಅಲ್ವಾ? ಅದು ಅರ್ಧ ಮಾತ್ರ ನಿಜ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟು ಬಿದ್ದಿದೆ. ಅಲ್ಲಿಗೆ ಯಾವ ಕ್ರಮದಲ್ಲಿ ಹೋಗಿಬರುತ್ತೀರಿ ಅನ್ನುವುದೇ ಉಳಿದರ್ಧ. ಒಂದೇ ಡಿಸ್ಕು, ಒಂದೇ ಮಾಹಿತಿ, ಒಂದು ಕ್ರಮದಲ್ಲಿ ಎರಡು ನಿಮಿಷ, ಇನ್ನೊಂದು ಕ್ರಮದಲ್ಲಿ ಐವತ್ತು ದಿನ. ಸುಮ್ನೆ ಹೇಳುತ್ತಿಲ್ಲ, ಲೆಕ್ಕ ಮುಂದೆ ಕೊಡುತ್ತೇನೆ.

ಮೊದಲು ಜಾಗದ ವಿಷಯ ಮುಗಿಸೋಣ. ‘ಮನೆಯವರಿಗೂ’ ಪದ ತೆಗೆದುಕೊಳ್ಳಿ. ಸ್ವರಚಿಹ್ನೆಗಳೂ ಸೇರಿ ಯುನಿಕೋಡಿನಲ್ಲಿ ಅದು 9 ಸಂಕೇತ. ಫೈಲಿನಲ್ಲಿ, ಯುಟಿಎಫ್-8 ಇದ್ದರೆ, ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು, ಒಟ್ಟು 27. ಪೈಥಾನಿನ ಒಳಗೆ ಸಂಕೇತಕ್ಕೆ 2 ಬೈಟು ಸಾಕು, 18 ಆಯಿತು. ಕಡಿಮೆಯಾಯಿತಲ್ಲ ಎಂದು ಖುಷಿಪಡಬೇಡಿ. ಪೈಥಾನಿನಲ್ಲಿ ಪ್ರತಿ ಸ್ಟ್ರಿಂಗಿನ, ಅಂದರೆ ಅಕ್ಷರಗಳ ಸಾಲಿನ, ತಲೆಯ ಮೇಲೂ ಒಂದು ಬುತ್ತಿಗಂಟು ಇರುತ್ತದೆ. ಇದು ಯಾವ ಜಾತಿಯ ವಸ್ತು, ಉದ್ದ ಎಷ್ಟು, ಎಷ್ಟು ಕಡೆಯಿಂದ ಇದಕ್ಕೆ ಕೊಂಡಿ ಇದೆ, ಹ್ಯಾಷ್ (ಡಿಕ್ಷನರಿಯಲ್ಲಿ ಎಲ್ಲಿಡಬೇಕು ಎಂದು ಹೇಳುವ ಅಂಕಿ) ಎಷ್ಟು ಎಂಬುದೆಲ್ಲ ಅದರಲ್ಲಿ. ಆವೃತ್ತಿ ನೋಡಿಕೊಂಡು ಆ ಗಂಟೇ ಸುಮಾರು 60ರಿಂದ 75 ಬೈಟು. ಅದರ ಮೇಲೆ ಡಿಕ್ಷನರಿಯಲ್ಲಿ ಹಿಡಿಯುವ ಮನೆ, ಆ ಮನೆಗಳ ನಡುವೆ ಖಾಲಿ ಬಿಟ್ಟ ಜಾಗ. ಎಣಿಕೆ 256 ದಾಟಿದರೆ ಆ ಅಂಕಿಗೇ ಬೇರೆ 28 ಬೈಟು. ಎರಡು ಪದದ ಜೋಡಿಯನ್ನು ಒಂದು ಸ್ಟ್ರಿಂಗ್ ಮಾಡಿಟ್ಟರೆ ಒಂದಕ್ಕೆ 150 ಬೈಟು ಎಂದು ಹಿಡಿಯುವುದು ಜಾಸ್ತಿಯೇನಲ್ಲ. ನಿಮ್ಮ ಪಠ್ಯದಲ್ಲಿ ಬೇರೆಬೇರೆ ಜೋಡಿ 15 ಕೋಟಿ ಇವೆ ಎಂದುಕೊಳ್ಳಿ. 22.5 ಜಿಬಿ. 16 ಮಾಡಿಸಿದರೂ ಹಿಡಿಯುವುದಿಲ್ಲ, ನೋಡಿ.

15 ಕೋಟಿ ಎಲ್ಲಿಂದ ಬರಬೇಕು ಎಂದು ಕೇಳಬೇಡಿ, ಇದು ಕನ್ನಡ. ಮನೆ, ಮನೆಗೆ, ಮನೆಗೂ, ಮನೆಯಲ್ಲಿ, ಮನೆಯಲ್ಲಿದ್ದವರು, ಮನೆಯಲ್ಲಿದ್ದವರಿಗೇನು. ಇಂಗ್ಲಿಷಿನವರು ಎರಡು ಮೂರು ಪದದಲ್ಲಿ ಹೇಳುವುದನ್ನು ನಾವು ಬಾಲ ಹಚ್ಚಿ ಹಚ್ಚಿ ಒಂದೇ ಪದ ಮಾಡುತ್ತೇವೆ, ಪ್ರತಿ ಬಾಲಕ್ಕೂ ಡಿಕ್ಷನರಿಯಲ್ಲಿ ಹೊಸ ಮನೆ ಬೇಕು. ಪಠ್ಯ ಹೆಚ್ಚಿದಂತೆ ಹೊಸ ಪದ ಬರುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹಾಗಾಗಿ ಇಂಥ ಕೆಲಸದಲ್ಲಿ ‘ಇಷ್ಟು ರಾಮ್ ಇದ್ದರೆ ಸಾಕು’ ಎಂಬ ಗೆರೆಯೇ ಇಲ್ಲ.

ಎರಡು ತಾಸು ಸರಿಯಾಗಿ ಓಡಿ ಆಮೇಲೆ ಯಾಕೆ ಸತ್ತಿತು? ಒಂದು ಕಾರಣ ಇರಬಹುದು. ಡಿಕ್ಷನರಿ ಮೂರರಲ್ಲಿ ಎರಡು ಪಾಲು ತುಂಬಿದ ಕೂಡಲೇ ಪೈಥಾನ್ ಇನ್ನೂ ದೊಡ್ಡ ಕೋಷ್ಟಕ ಕಟ್ಟಿ ಹಳೆಯದರಲ್ಲಿದ್ದದ್ದನ್ನು ಅಲ್ಲಿಗೆ ಸಾಗಿಸುತ್ತದೆ. ಸಾಗಿಸುವಷ್ಟು ಹೊತ್ತು ಹಳೆಯದೂ ಇರಬೇಕು, ಹೊಸದೂ ಇರಬೇಕು. ಅಲ್ಲಿಯವರೆಗೆ ಹೇಗೋ ಉಸಿರು ಬಿಗಿಹಿಡಿದು ಬಂದ ಪ್ರೋಗ್ರಾಂ ಆ ಕ್ಷಣದಲ್ಲಿ ಮುಗ್ಗರಿಸುತ್ತದೆ. ಲಿನಕ್ಸಿನ ತಿರುಳಾದ ಕರ್ನೆಲ್ ನೋಡುತ್ತದೆ, ಮೆಮೊರಿ ಎಲ್ಲೂ ಇಲ್ಲ, ಯಾರು ಜಾಸ್ತಿ ತಿಂದು ಕೂತಿದ್ದಾರೋ ಅವರನ್ನು ಮುಗಿಸುತ್ತದೆ. ‘ಕಿಲ್ಡ್’ ಅಂದರೆ ಅಷ್ಟೇ.

ಇನ್ನು ಸ್ವಾಪ್. ರಾಮ್ ಸಾಲದಿದ್ದಾಗ ಡಿಸ್ಕನ್ನೇ ರಾಮ್ ಎಂದು ತೋರಿಸುವ ಈ ಉಪಾಯ ಹಳೆಯದು, 1962ರ ಹೊತ್ತಿಗೇ ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರಿನಲ್ಲಿತ್ತು, ಅಲ್ಲಿ ಡಿಸ್ಕಿನ ಬದಲು ಕಾಂತೀಯ ಡ್ರಮ್ ಇತ್ತು ಅಷ್ಟೇ. ಒಳ್ಳೆಯ ಉಪಾಯವೇ. ಆದರೆ ಅದು ನಡೆಯುವುದು ನೀವು ಮುಟ್ಟುವ ಮಾಹಿತಿ ಅಕ್ಕಪಕ್ಕ ಇದ್ದರೆ ಮಾತ್ರ. ಡಿಸ್ಕಿನಿಂದ ರಾಮಿಗೆ ಬರುವುದು ಒಂದೊಂದು ಬೈಟಲ್ಲ, ಸಾಮಾನ್ಯವಾಗಿ 4,096 ಬೈಟಿನ ಒಂದು ಪುಟ. ಪೈಥಾನಿನ ಡಿಕ್ಷನರಿ ಒಂದು ಹ್ಯಾಷ್ ಟೇಬಲ್, ಅದರ ಗುಣವೇ ಎಲ್ಲವನ್ನೂ ಚೆಲ್ಲಾಪಿಲ್ಲಿ ಮಾಡಿ ಇಡುವುದು. ‘ಮಳೆ ಬಂತು’ ಒಂದು ಮೂಲೆಯಲ್ಲಿ, ‘ಮಳೆ ಬಂದಿತು’ ಇನ್ನೊಂದು ಮೂಲೆಯಲ್ಲಿ. ಒಂದು ಎಣಿಕೆಯನ್ನು ಒಂದು ಹೆಚ್ಚಿಸಲು ಇಡೀ ಪುಟ ತರಬೇಕು, ಮುಂದಿನ ಜೋಡಿಗೆ ಅದನ್ನು ಎತ್ತಿಹಾಕಿ ಬೇರೆ ಪುಟ ತರಬೇಕು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ, ಒಂದು ಬುಟ್ಟಿ ಬಂಗಡೆ ಹೊತ್ತು ತಂದು, ಅದರಲ್ಲಿ ಒಂದೇ ಒಂದು ಮೀನು ತೆಗೆದುಕೊಂಡು, ಉಳಿದದ್ದನ್ನು ವಾಪಸು ಕೊಟ್ಟುಬರಲು ಮತ್ತೆ ಘಟ್ಟ ಇಳಿದ ಹಾಗೆ. ಮೀನು ಮಾರುವವರು ಯಾರಾದರೂ ಹೀಗೆ ಮಾಡುತ್ತಾರಾ? ನಿಮ್ಮ ಪ್ರೋಗ್ರಾಂ ಮಾಡುತ್ತಿತ್ತು.

ಲೆಕ್ಕ ಕೊಡುತ್ತೇನೆ ಎಂದಿದ್ದೆನಲ್ಲ. ಒಂದು ಪದಕ್ಕೆ ಬಿಡಿಜಾಗವೂ ಸೇರಿ 28 ಬೈಟು ಎಂದರೆ 12 ಜಿಬಿಯಲ್ಲಿ ಸುಮಾರು 43 ಕೋಟಿ ಪದ, ಹೆಚ್ಚುಕಡಿಮೆ ಅಷ್ಟೇ ಜೋಡಿ. ರಾಮಿನಲ್ಲಿ ಎಲ್ಲೋ ಒಂದು ಕಡೆ ಇರುವುದನ್ನು ಮುಟ್ಟಲು ಸುಮಾರು 100 ನ್ಯಾನೋಸೆಕೆಂಡು. ಎಸ್‌ಎಸ್‌ಡಿಯಲ್ಲಿ 100 ಮೈಕ್ರೋಸೆಕೆಂಡಿನ ಆಸುಪಾಸು, ಸಾವಿರ ಪಟ್ಟು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ 10 ಮಿಲಿಸೆಕೆಂಡು, ಲಕ್ಷ ಪಟ್ಟು, ಯಾಕೆಂದರೆ ಅಲ್ಲಿ ನಿಜವಾಗಿಯೂ ಒಂದು ಕೈ ಸರಿಯಬೇಕು, ತಟ್ಟೆ ತಿರುಗಬೇಕು. ಪ್ರತಿ ಜೋಡಿಗೂ ಡಿಸ್ಕಿಗೆ ಹೋಗಬೇಕಾಗಿ ಬಂದರೆ ಎಸ್‌ಎಸ್‌ಡಿಯಲ್ಲಿ 43,000 ಸೆಕೆಂಡು, 12 ತಾಸು. ಹಾರ್ಡ್ ಡಿಸ್ಕಿನಲ್ಲಿ 43 ಲಕ್ಷ ಸೆಕೆಂಡು, ಅಂದರೆ ಐವತ್ತು ದಿನ. ಅದೇ ಹಾರ್ಡ್ ಡಿಸ್ಕಿನಿಂದ ಅದೇ 12 ಜಿಬಿಯನ್ನು ಮೊದಲಿಂದ ಕೊನೆಯವರೆಗೆ ಸಾಲಾಗಿ ಓದಿ, ಸೆಕೆಂಡಿಗೆ 100 ಎಂಬಿ ಬಂದರೂ ಎರಡು ನಿಮಿಷ.

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿತವನಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಒಂದು ಶುಕ್ರವಾರ ಸಂಜೆ, ರಾಮ್ ಸಾಲದ ಒಂದು ಪ್ರೋಗ್ರಾಮಿಗೆ ಹಾರ್ಡ್ ಡಿಸ್ಕಿನಲ್ಲಿ 32 ಜಿಬಿ ಸ್ವಾಪ್ ಕೊಟ್ಟು, ದೊಡ್ಡ ಬುದ್ಧಿವಂತನ ಹಾಗೆ ರಾತ್ರಿ ಬಸ್ಸು ಹತ್ತಿ ಊರಿಗೆ ಬಂದುಬಿಟ್ಟಿದ್ದೆ. ಸೋಮವಾರ ಹೋಗಿ ನೋಡಿದರೆ ಡಿಸ್ಕು ಕಟಕಟ ಎನ್ನುತ್ತಲೇ ಇದೆ, ಪ್ರೋಗ್ರಾಂ ನೂರಕ್ಕೆ ಮೂರರಷ್ಟು ಮುಂದೆ ಹೋಗಿದೆ, ಸಿಪಿಯು ಆರಾಮಾಗಿ ಕೂತಿದೆ. ಸಾಯಲೂ ಇಲ್ಲ, ಬದುಕಲೂ ಇಲ್ಲ. ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ ಇದನ್ನು 1968ರಲ್ಲೇ ವಿವರಿಸಿ ಬರೆದಿದ್ದರು, ನನಗೆ ತಲೆಗೆ ಹೋಗಲು ಒಂದು ವಾರಾಂತ್ಯ ಬೇಕಾಯಿತು.

ಹಾಗಾದರೆ ಮಾಡುವುದೇನು? ಮೊದಲು ಮಾಹಿತಿಯನ್ನು ಸಣ್ಣದು ಮಾಡಿ, ಆಮೇಲೆ ಡಿಸ್ಕಿಗೆ ಸಾಲಾಗಿ ಮಾತ್ರ ಹೋಗಿ.

ಸಣ್ಣದು ಮಾಡುವುದು ಹೀಗೆ. ಒಂಟಿ ಪದಗಳ ಎಣಿಕೆ ನಿಮ್ಮ ಹತ್ತಿರ ಈಗಾಗಲೇ ಇದೆ. 80 ಲಕ್ಷ ಪದ ಇದ್ದರೂ ಒಂದೂವರೆ ಜಿಬಿಯೊಳಗೆ ಕೂರುತ್ತದೆ. ಪ್ರತಿ ಪದಕ್ಕೆ ಒಂದು ಸಂಖ್ಯೆ ಕೊಡಿ, 1, 2, 3 ಎಂದು. 32 ಬಿಟ್ಟಿನಲ್ಲಿ 429 ಕೋಟಿ ಪದಕ್ಕೆ ಸಂಖ್ಯೆ ಕೊಡಬಹುದು, ಕನ್ನಡಕ್ಕೂ ಸಾಕು. ಈಗ ಜೋಡಿ ಅಂದರೆ ಎರಡು ಸಂಖ್ಯೆ. ಮೊದಲ ಪದದ ಸಂಖ್ಯೆಯನ್ನು 32 ಬಿಟ್ ಎಡಕ್ಕೆ ಸರಿಸಿ ಎರಡನೆಯದನ್ನು ಅದರ ಬಲಕ್ಕೆ ಕೂರಿಸಿದರೆ ಇಡೀ ಜೋಡಿ 8 ಬೈಟಿನ ಒಂದು ಅಂಕಿ. 150 ಬೈಟು ಇದ್ದದ್ದು 8 ಆಯಿತು! ಪುನರಾವರ್ತನೆಯೂ ಸೇರಿ 43 ಕೋಟಿ ಜೋಡಿಗೆ 3.44 ಜಿಬಿ. ಕಷ್ಟಪಟ್ಟರೆ ನಿಮ್ಮ ರಾಮಿನಲ್ಲೇ ಹಿಡಿಯುತ್ತದೆ, ಮಾರಾಯ್ರೆ. ಒಂದೇ ಎಚ್ಚರಿಕೆ, ಈ ಅಂಕಿಗಳನ್ನು ಪೈಥಾನಿನ ಲಿಸ್ಟಿನಲ್ಲಿ ಇಡಬೇಡಿ. ಅಲ್ಲಿ ಒಂದೊಂದು ಅಂಕಿಯೂ ಮತ್ತೆ ಗಂಟು ಹೊತ್ತ ವಸ್ತು, ಕೊಂಡಿಯೂ ಸೇರಿ 40 ಬೈಟು ಆಗುತ್ತದೆ. ನಂಪೈ ಲೈಬ್ರರಿಯ ಅರೇ ಅಥವಾ ಪೈಥಾನಿನದೇ ಅರೇ ಮಾಡ್ಯೂಲ್ ಬಳಸಿ, ಅಲ್ಲಿ 8 ಅಂದರೆ 8.

ಇಲ್ಲೊಂದು ಅಡ್ಡ ಮಾತು, ಆದರೆ ಕನ್ನಡದಲ್ಲಿ ಕೆಲಸ ಮಾಡುವವರು ಮರೆಯುವಂಥದ್ದು. ‘ಕೊ’ ಅಕ್ಷರವನ್ನು ಯುನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು. ಒಕಾರದ್ದೇ ಒಂದು ಸಂಕೇತ ಇದೆ, ಇಲ್ಲವಾದರೆ ಎಕಾರದ ಚಿಹ್ನೆ ಹಾಕಿ ಅದರ ಮುಂದೆ ಊಕಾರದ ಚಿಹ್ನೆ ಹಾಕಿದರೂ ಆಯಿತು. ಕಣ್ಣಿಗೆ ಎರಡೂ ಒಂದೇ. ಡಿಕ್ಷನರಿಗೆ ಎರಡು ಬೇರೆ ಪದ. ಈಕಾರ, ಓಕಾರಗಳದ್ದೂ ಇದೇ ಕತೆ. ಎಣಿಸುವ ಮೊದಲು ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತನ್ನಿ, ಪೈಥಾನಿನ ಯುನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಅದಕ್ಕೆ ಒಂದೇ ಸಾಲು. ಪದದ ಕೊನೆಯಲ್ಲಿ ಕಾಣದೆ ಅಂಟಿಕೊಂಡಿರುವ ಸಂಕೇತಗಳನ್ನೂ ಕಿತ್ತುಹಾಕಿ. ಇಷ್ಟಕ್ಕೇ ಪದಗಳ ಪಟ್ಟಿ ಸಣ್ಣದಾಗುವುದನ್ನು ನೋಡುತ್ತೀರಿ. ಕಾಗುಣಿತ ತಿದ್ದುವ ತಂತ್ರಾಂಶದಲ್ಲೇ ‘ಕೊ’ ಎರಡು ಇದ್ದರೆ ನಗುತ್ತಾರೆ.

ಈಗ ಮುಖ್ಯ ಕೆಲಸ. 3.44 ಜಿಬಿ ರಾಮಿನಲ್ಲಿ ಹಿಡಿಯುತ್ತದೆ ಎಂದೆ, ಆದರೂ ಹಿಡಿಸಲು ಹೋಗಬೇಡಿ. ಪದಗಳ ಡಿಕ್ಷನರಿ ಪಕ್ಕದಲ್ಲೇ ಕೂತಿರುತ್ತದೆ, ವಿಂಗಡಿಸುವಾಗ ನಂಪೈ ಪ್ರತಿ ಮಾಡಿಕೊಳ್ಳಬಹುದು, ಬ್ರೌಸರಿನಲ್ಲಿ ನಿಮ್ಮದು ಹತ್ತು ಟ್ಯಾಬು ತೆರೆದಿರುತ್ತದೆ. ಮೇಲಾಗಿ ನಾಳೆ ಪಠ್ಯ 12ರಿಂದ 40 ಆದರೆ ಮತ್ತೆ ಇದೇ ಗೋಳು. ಆದ್ದರಿಂದ 5 ಕೋಟಿ ಜೋಡಿ ಕೂಡಿದ ಕೂಡಲೇ ನಿಲ್ಲಿಸಿ. ಅದು ಬರೀ 400 ಎಂಬಿ. ಅದನ್ನು ವಿಂಗಡಿಸಿ. ಒಂದೇ ಜೋಡಿ ಈಗ ಅಕ್ಕಪಕ್ಕ ಬಂದಿರುತ್ತದೆ, ಎಣಿಸಿ, ‘ಜೋಡಿ, ಎಷ್ಟು ಸಲ’ ಎಂದು ಒಂದು ಫೈಲಿಗೆ ಸಾಲಾಗಿ ಬರೆಯಿರಿ. ಅರೇ ಖಾಲಿ ಮಾಡಿ ಮುಂದಿನ 5 ಕೋಟಿ. ಹೀಗೆ ಒಂಬತ್ತು ಫೈಲು ಆಗುತ್ತವೆ. ಪ್ರತಿಯೊಂದೂ ತನ್ನೊಳಗೆ ವಿಂಗಡಣೆಯಾಗಿದೆ, ಆದರೆ ಒಂದೇ ಜೋಡಿ ಒಂಬತ್ತರಲ್ಲೂ ಇರಬಹುದು.

ಇವನ್ನು ಕೂಡಿಸುವುದು ಹೇಗೆ? ನಮ್ಮ ಕಡೆ ಮದುವೆಗೆ ಕರೆಯುವ ಪಟ್ಟಿ ಮಾಡುವುದನ್ನು ನೋಡಿದ್ದೀರಲ್ಲ. ಅಪ್ಪನದೊಂದು ಪಟ್ಟಿ, ದೊಡ್ಡಪ್ಪನದೊಂದು, ಸೋದರಮಾವನದೊಂದು. ಒಂದೇ ಮನೆ ಮೂರರಲ್ಲೂ ಇರುತ್ತದೆ. ಮೂವರೂ ತೋಚಿದ ಹಾಗೆ ಬರೆದಿದ್ದರೆ ಪ್ರತಿ ಹೆಸರಿಗೂ ಉಳಿದೆರಡು ಪಟ್ಟಿಯನ್ನು ಪೂರ್ತಿ ಹುಡುಕಬೇಕು, ಅಷ್ಟರಲ್ಲಿ ಮುಹೂರ್ತ ಬಂದಿರುತ್ತದೆ. ಮೂವರೂ ಊರಿನ ಹೆಸರಿನ ಅಕ್ಷರ ಕ್ರಮದಲ್ಲಿ ಬರೆದಿದ್ದರೆ ಮೂರು ಪಟ್ಟಿಯ ಮೇಲೂ ಒಂದೊಂದು ಬೆರಳಿಟ್ಟುಕೊಂಡು, ಯಾವ ಬೆರಳಿನ ಹೆಸರು ಮೊದಲೋ ಅದನ್ನು ಬರೆದುಕೊಳ್ಳುವುದು, ಅದೇ ಹೆಸರು ಬೇರೆ ಬೆರಳಿನ ಕೆಳಗೂ ಇದ್ದರೆ ಒಟ್ಟಿಗೇ ಕೂಡಿಸಿಕೊಂಡು ಆ ಬೆರಳುಗಳನ್ನು ಕೆಳಗೆ ಸರಿಸುವುದು. ಹಿಂದೆ ತಿರುಗಿ ನೋಡುವ ಪ್ರಶ್ನೆಯೇ ಇಲ್ಲ. ಪಟ್ಟಿ ನೂರು ಪುಟ ಇದ್ದರೂ ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಮೂರೇ ಹೆಸರು.

ಒಂಬತ್ತು ಫೈಲಿಗೂ ಅಷ್ಟೇ. ಒಂದೊಂದರಿಂದ 4 ಎಂಬಿ ತುಂಡು ಓದಿಕೊಳ್ಳುತ್ತಾ ಹೋದರೆ 36 ಎಂಬಿ ರಾಮ್ ಸಾಕು. ಯಾವ ಬೆರಳಿನ ಕೆಳಗಿನ ಅಂಕಿ ಚಿಕ್ಕದು ಎಂದು ನೋಡಲು ಪೈಥಾನಿನ ಹೀಪ್‌ಕ್ಯೂ ಮಾಡ್ಯೂಲಿನಲ್ಲಿ ಮರ್ಜ್ ಸಿದ್ಧವಾಗಿಯೇ ಇದೆ. ನಿಧಾನ, ಕೋಟಿಗಟ್ಟಲೆ ಸಾಲಿಗೆ ಹೊತ್ತು ಹಿಡಿಯುತ್ತದೆ, ಆದರೆ ಮುಗಿಯುತ್ತದೆ ಎಂಬುದು ಖಾತ್ರಿ. ಈ ಮರ್ಜ್ ವಿಂಗಡಣೆಯನ್ನು ಜಾನ್ ವಾನ್ ನಾಯ್ಮನ್ 1945ರಲ್ಲೇ ಬರೆದಿಟ್ಟಿದ್ದರು. ಟೇಪಿನ ಕಾಲದವರು ಇದನ್ನೇ ಬಳಸಿದರು, ಅವರಿಗೆ ಬೇರೆ ದಾರಿಯೂ ಇರಲಿಲ್ಲ, ಟೇಪಿನಲ್ಲಿ ಅತ್ತಿತ್ತ ಹಾರಿ ಓದಲು ಬರುವುದಿಲ್ಲವಲ್ಲ. ರಾಮ್ ಅಗ್ಗವಾದ ಮೇಲೆ ನಮಗೆ ಆ ಶಿಸ್ತು ತಪ್ಪಿಹೋಯಿತು.

ಕೋಡ್ ಬರೆಯಲು ಬೇಜಾರಾದರೆ ಲಿನಕ್ಸಿನ ‘ಸಾರ್ಟ್’ ಆಜ್ಞೆ ಇದೇ ಕೆಲಸವನ್ನು ತಾನೇ ಮಾಡುತ್ತದೆ, ಫೈಲು ರಾಮಿಗಿಂತ ದೊಡ್ಡದಿದ್ದರೆ ತುಂಡು ಮಾಡಿ ಡಿಸ್ಕಿನಲ್ಲಿಟ್ಟು ಕೂಡಿಸುತ್ತದೆ. ಸಾಲಿಗೊಂದು ಜೋಡಿ ಬರೆದು ಅದಕ್ಕೆ ಕೊಟ್ಟು, ಬಂದದ್ದನ್ನು ‘ಯೂನಿಕ್’ಗೆ ಎಣಿಸಲು ಹೇಳಿದರೆ ಆಯಿತು. ಇದರಲ್ಲಿ ಎಡವುವ ಗುಂಡಿ ಎರಡು ಇವೆ. ಒಂದು, ಭಾಷೆಯ ಸೆಟ್ಟಿಂಗನ್ನು ‘ಸಿ’ ಲೊಕೇಲಿಗೆ ಇಟ್ಟುಕೊಳ್ಳಿ, ಬರೀ ಬೈಟು ಹೋಲಿಸುವುದರಿಂದ ಎಷ್ಟೋ ವೇಗ. ಇನ್ನೊಂದು, ಅದು ತಾತ್ಕಾಲಿಕ ಫೈಲುಗಳನ್ನು ಟೆಂಪ್ ಫೋಲ್ಡರಿನಲ್ಲಿಡುತ್ತದೆ, ಕೆಲವು ಲಿನಕ್ಸುಗಳಲ್ಲಿ ಆ ಫೋಲ್ಡರ್ ಇರುವುದೇ ರಾಮಿನಲ್ಲಿ! ರಾಮ್ ಉಳಿಸಲು ಹೋಗಿ ರಾಮಿಗೇ ತುಂಬಿದಂತಾಗುತ್ತದೆ. ಬೇರೆ ಫೋಲ್ಡರ್ ತೋರಿಸುವ ಆಯ್ಕೆ ಇದೆ, ಡಿಸ್ಕಿನಲ್ಲಿ 25 ಜಿಬಿಯಾದರೂ ಖಾಲಿ ಇರುವ ಕಡೆ ತೋರಿಸಿ.

ಮಳೆಗಾಲದಲ್ಲಿ ಇದನ್ನೆಲ್ಲ ಓಡಿಸುವವರಿದ್ದರೆ ಇನ್ನೊಂದು ಮಾತು. ನಮ್ಮೂರಿನ ಕರೆಂಟಿನ ವಿಷಯ ನಿಮಗೆ ಹೇಳಬೇಕಿಲ್ಲ. ಗಾಳಿ ಬೀಸಿ ಎಲ್ಲೋ ಮರ ಬಿದ್ದರೆ ಎರಡು ದಿನವೂ ಹೋಗಬಹುದು, ಲ್ಯಾಪ್‌ಟಾಪಿನ ಬ್ಯಾಟರಿ ಎಷ್ಟು ಹೊತ್ತು? ರಾಮಿನಲ್ಲಿದ್ದ ಡಿಕ್ಷನರಿ ಆದರೆ ಎಲ್ಲ ಹೋಯಿತು. ತುಂಡು ಫೈಲುಗಳ ಪದ್ಧತಿಯಲ್ಲಿ ಮುಗಿದ ತುಂಡು ಮುಗಿದ ಹಾಗೇ ಇರುತ್ತದೆ. ಬರೆಯುವಾಗ ತಾತ್ಕಾಲಿಕ ಹೆಸರಿನಲ್ಲಿ ಬರೆಯಿರಿ, ಪೂರ್ತಿಯಾಗಿ ಡಿಸ್ಕಿಗೆ ಹೋದ ಮೇಲೆ ಸರಿಯಾದ ಹೆಸರು ಕೊಡಿ. ಮೂಲ ಪಠ್ಯದಲ್ಲಿ ಎಲ್ಲಿಯವರೆಗೆ ಓದಿದ್ದೀರಿ ಎಂಬುದನ್ನು ಆ ಹೆಸರಿನಲ್ಲೇ ಸೇರಿಸಿಬಿಟ್ಟರೆ ಇನ್ನೂ ಒಳ್ಳೆಯದು. ಕರೆಂಟು ಬಂದ ಮೇಲೆ ಅರ್ಧ ಬರೆದದ್ದನ್ನು ಅಳಿಸಿ ಅಲ್ಲಿಂದ ಮುಂದುವರಿಸಬಹುದು.

ಡೇಟಾಬೇಸ್ ಕೇಳಿದ್ದಿರಿ. ಹೆಚ್ಚಿನವರು ಮೊದಲು ಅಲ್ಲಿಗೇ ಓಡುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಎಸ್‌ಕ್ಯೂಲೈಟ್ ಡೇಟಾಬೇಸಿನ ಒಳಗಿರುವುದು ಬಿ-ಟ್ರೀ. ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ಬೋಯಿಂಗಿನ ಸಂಶೋಧನಾ ಪ್ರಯೋಗಾಲಯದಲ್ಲಿದ್ದಾಗ, 1970ರ ಹೊತ್ತಿಗೆ, ಡಿಸ್ಕಿಗೆಂದೇ ಮಾಡಿದ ರಚನೆ. ಹುಡುಕುವುದಕ್ಕೆ ಅದರಂಥದ್ದಿಲ್ಲ. ಆದರೆ 43 ಕೋಟಿ ಜೋಡಿಯನ್ನು ಬಂದ ಬಂದ ಕ್ರಮದಲ್ಲಿ ಒಂದೊಂದಾಗಿ ‘ಇದ್ದರೆ ಹೆಚ್ಚಿಸು, ಇಲ್ಲದಿದ್ದರೆ ಸೇರಿಸು’ ಎಂದರೆ, ಮರ ರಾಮಿಗಿಂತ ದೊಡ್ಡದಾದ ದಿನದಿಂದ ಮತ್ತೆ ಅದೇ ಕುಮಟಾ ಪ್ರಯಾಣ. ಎಣಿಸುವುದಕ್ಕೆ ಅದನ್ನು ಬಳಸಬೇಡಿ. ಎಣಿಸಿ ಮುಗಿದು ವಿಂಗಡಿಸಿದ ಪಟ್ಟಿ ಕೈಗೆ ಬಂದ ಮೇಲೆ ಅದೇ ಕ್ರಮದಲ್ಲಿ, ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಲಕ್ಷಗಟ್ಟಲೆ ಸಾಲು ಸೇರಿಸಿ ತುಂಬಿ. ಸಲೀಸಾಗಿ ಹೋಗುತ್ತದೆ. ಆಮೇಲೆ ಹುಡುಕುವಾಗ, 4,096 ಬೈಟಿನ ಪುಟಕ್ಕೆ 200 ಜೋಡಿ ಹಿಡಿದರೆ 15 ಕೋಟಿಗೆ ನಾಲ್ಕೇ ಮೆಟ್ಟಿಲು. ಮೇಲಿನ ಮೆಟ್ಟಿಲು ರಾಮಿನಲ್ಲೇ ಉಳಿಯುವುದರಿಂದ ಡಿಸ್ಕಿಗೆ ಒಂದೆರಡು ಸಲ ಹೋದರೆ ಉತ್ತರ ಸಿಗುತ್ತದೆ. ಡೇಟಾಬೇಸೂ ಬೇಡವೆಂದರೆ ವಿಂಗಡಿಸಿದ ಫೈಲನ್ನೇ ಎಂಮ್ಯಾಪ್ ಮಾಡಿ, ಅಂದರೆ ಮೆಮೊರಿಯೇ ಎಂಬಂತೆ ತೆರೆದು, ನಡುವಿನಿಂದ ಅರ್ಧರ್ಧ ಮಾಡುತ್ತಾ ಹುಡುಕಬಹುದು. ಬರೀ ಓದುವುದಕ್ಕಾದರೆ ಎಂಮ್ಯಾಪ್ ಚೆನ್ನ. ಚೆಲ್ಲಾಪಿಲ್ಲಿ ಬರೆಯಲು ಹೋದರೆ ಅದು ಬೇರೆ ಹೆಸರಿನ ಸ್ವಾಪ್ ಅಷ್ಟೇ.

ಒಂದೇ ಸಲ ಬಂದ ಜೋಡಿ ನಿಮಗೆ ಬೇಕಾ? ಯೋಚಿಸಿ. ಅವೇ ಬಹುಪಾಲು ಇರುತ್ತವೆ, ಅದರಲ್ಲೂ ಎಷ್ಟೋ ಟೈಪಿಂಗ್ ತಪ್ಪು. ಬೇಡವಾದರೆ ಬರ್ಟನ್ ಬ್ಲೂಮ್ 1970ರಲ್ಲಿ ಹೇಳಿದ ಬ್ಲೂಮ್ ಫಿಲ್ಟರ್ ನೋಡಿ. ‘ಇದನ್ನು ಮೊದಲು ನೋಡಿದ್ದೇನಾ’ ಎಂಬುದಕ್ಕೆ ಜೋಡಿಗೆ 10 ಬಿಟ್ ಖರ್ಚಿನಲ್ಲಿ ಉತ್ತರ ಕೊಡುತ್ತದೆ, ನೂರರಲ್ಲಿ ಒಂದು ಸಲ ನೋಡದಿದ್ದರೂ ನೋಡಿದ್ದೇನೆ ಎನ್ನುತ್ತದೆ, ನೋಡಿದ್ದನ್ನು ಮಾತ್ರ ಎಂದೂ ಇಲ್ಲ ಎನ್ನುವುದಿಲ್ಲ. 15 ಕೋಟಿಗೆ 190 ಎಂಬಿ ಸಾಕು. ಮೊದಲ ಸಲ ಬಂದದ್ದು ಫಿಲ್ಟರಿಗೆ, ಎರಡನೇ ಸಲದಿಂದ ಬಂದದ್ದು ಮಾತ್ರ ಎಣಿಕೆಗೆ, ಫಿಲ್ಟರಿಗೆ ಹೋದ ಆ ಒಂದನ್ನು ಕೊನೆಯಲ್ಲಿ ಕೂಡಿಸಿಕೊಳ್ಳಿ. ನಾನಾದರೆ ಮೊದಲು ಪೂರ್ತಿ ಎಣಿಸಿ, ಆಮೇಲೆ ಬಿಸಾಡುತ್ತೇನೆ.

ರಾಮ್ ಬೇಕಾದರೆ ಹಾಕಿಸಿ, ಬೇಡ ಎನ್ನುವುದಿಲ್ಲ, ಲ್ಯಾಪ್‌ಟಾಪಿಗೆ ಹೇಗೂ ಒಳ್ಳೆಯದು. ಈ ಕೆಲಸಕ್ಕಾಗಿ ಮಾತ್ರ ಬೇಡ.

ಇದನ್ನೆಲ್ಲ ಬರೆದ ಮೇಲೆ 12 ಜಿಬಿಗೆ ಒಮ್ಮೆಲೇ ಹೋಗಬೇಡಿ. 200 ಎಂಬಿ ಪಠ್ಯ ತೆಗೆದುಕೊಳ್ಳಿ, ತುಂಡನ್ನು 5 ಕೋಟಿಯ ಬದಲು 10 ಲಕ್ಷ ಮಾಡಿ. ಅಷ್ಟು ಸಣ್ಣದು ನಿಮ್ಮ ಹಳೆಯ ಡಿಕ್ಷನರಿಯಲ್ಲೂ ಹಿಡಿಯುತ್ತದೆ, ಎರಡರ ಉತ್ತರ ತಾಳೆ ನೋಡಿ. ದೊಡ್ಡದಕ್ಕೆ ಹೋದಾಗ ಒಟ್ಟು ಲೆಕ್ಕ ಇಟ್ಟುಕೊಳ್ಳಿ, ಬರೆದ ಜೋಡಿಗಳ ಸಂಖ್ಯೆಯೂ ಕೊನೆಯ ಫೈಲಿನ ಎಣಿಕೆಗಳ ಮೊತ್ತವೂ ಒಂದೇ ಇರಬೇಕು. ಸ್ವಲ್ಪವೇ ಸ್ವಲ್ಪ ಕಡಿಮೆ ಬಂದರೆ ಗಾಬರಿ ಬೇಡ, ಮರ್ಜ್ ಮಾಡುವ ಲೂಪಿನ ಕೊನೆ ನೋಡಿ. ಹೊಸ ಜೋಡಿ ಬಂದಾಗಲಷ್ಟೇ ಹಿಂದಿನದನ್ನು ಬರೆಯುತ್ತಿರುತ್ತೀರಿ, ಎಲ್ಲಕ್ಕಿಂತ ಕೊನೆಯ ಜೋಡಿಯ ನಂತರ ಹೊಸದು ಬರುವುದೇ ಇಲ್ಲ, ಅದು ಕೈಯಲ್ಲೇ ಉಳಿದಿರುತ್ತದೆ. ನಾನು ಇದನ್ನು ಬರೆದಾಗಲೆಲ್ಲ ಅದೊಂದನ್ನು ಮರೆತಿದ್ದೇನೆ.